ಏಣಿ ಗುರುತಿನ ಹಲಗೆ

ಮಾರ್ಚ್ 4, ಸೋಮವಾರ

ಬಾಯಿ ಮುಚ್ಚಿಕೊಂಡು ಕೂರುವುದು ಇಷ್ಟು ದಣಿವಿನ ಕೆಲಸ ಎಂದು ಯಾರೂ ನನಗೆ ಹೇಳಿರಲಿಲ್ಲ. ಗಂಟಲ ಡಾಕ್ಟರು ಧ್ವನಿತಂತುವಿನ ಮೇಲಿದ್ದ ಗಂಟನ್ನು ತೆಗೆದು ಪುಟ್ಟ ಸೀಸೆಯಲ್ಲಿ ತೋರಿಸಿದರು. ಎಳ್ಳುಕಾಳಿನಷ್ಟಿತ್ತು. ಅಷ್ಟು ಸಣ್ಣದು ಇಷ್ಟು ದೊಡ್ಡ ಮನುಷ್ಯನ ಬಾಯಿಗೆ ಬೀಗ ಹಾಕಿಸಿತಲ್ಲ ಎಂದು ಸಿಟ್ಟು ಬಂತು.

“ಮಾತಾಡಬಾರದು. ಪಿಸುಗುಟ್ಟೋದು ಅದಕ್ಕಿಂತ ಕೆಟ್ಟದ್ದು, ಅದೂ ಬೇಡ. ಕೆಮ್ಮು ಬಂದ್ರೆ ನೀರು ಕುಡೀರಿ. ಸಿಟ್ಟು ಬಂದ್ರೂ ನೀರೇ ಕುಡೀರಿ” ಎಂದಿದ್ದಾರೆ. ಇವತ್ತು ಬಹಳ ನೀರು ಕುಡಿದಿದ್ದೇನೆ.

ಹೆಂಡತಿ ಸ್ಲೇಟು, ಬಳಪ ತಂದುಕೊಟ್ಟಳು. ಸ್ಲೇಟಿನಲ್ಲಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ, ಓದುವವರ ತಾಳ್ಮೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹೊಟ್ಟೆಯಲ್ಲಿ ಉಳಿದ ಮಾತನ್ನೆಲ್ಲ ಎಲ್ಲಿ ಸುರಿಯಲಿ? ಅದಕ್ಕೇ ಈ ದಿನಚರಿ.

ಈ ಬಂಗಲೆ ಅವಳ ಮುತ್ತಜ್ಜನದು. ಮರದ ವ್ಯಾಪಾರಿ, ತಲೆ ನರೆತ ಮೇಲೆ ಓದು ಕಲಿತು, ಕಲಿತ ಹುರುಪಿಗೆ ಗಾಡಿಗಟ್ಟಲೆ ಪುಸ್ತಕ ಕೊಂಡವರು. ಕೆಳಗೆ ಅವರ ಪುಸ್ತಕಾಲಯ ಮತ್ತು ವಸ್ತುಸಂಗ್ರಹಾಲಯ, ಮೇಲೆ ನಮ್ಮ ಸಂಸಾರ. ನಾನು ಮನೆಅಳಿಯ. ಬಂದವರಿಗೆಲ್ಲ ಸುತ್ತು ಹಾಕಿಸಿ ಮನೆಯ ಕಥೆ ಹೇಳುವುದು ಮದುವೆಯಾದಂದಿನಿಂದ ನನ್ನ ಕೆಲಸ. ಇದನ್ನೆಲ್ಲ ನನಗೇ ನಾನು ಏಕೆ ಹೇಳಿಕೊಳ್ಳುತ್ತಿದ್ದೇನೆ? ಅಭ್ಯಾಸಬಲ. ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಸಂಜೆ ಹೆಂಡತಿಯ ಅಣ್ಣ ಬಂದಿದ್ದರು. ಊರಿನ ಆ ಕಡೆ ಇರುತ್ತಾರೆ, ಮನೆಯ ಟ್ರಸ್ಟಿಗೆ ಅವರೇ ಯಜಮಾನರು. ಅವರು ನನಗೆ ಭಾವ, ನಾನು ಅವರಿಗೆ ಭಾವ. ಆದರೆ ಅವರು ಭಾವ ಎಂದರೆ ಅಪ್ಪಣೆಯ ಹಾಗೆ ಕೇಳುತ್ತದೆ.

“ಭಾವ, ನಿಮ್ಮ ಗಂಟಲು ಮೊದಲಿನ ಹಾಗಾದ್ರೆ ಸಂತೋಷ. ಆಗ್ಲಿಲ್ಲ ಅಂದ್ರೆ ಕಿವಿಗೆ ಹಾಕ್ಕೊಳ್ಳೋ ಯಂತ್ರ ಬಂದಿದೆಯಲ್ಲ, ಅದನ್ನೇ ತರಿಸ್ತೀನಿ. ಗುಂಡಿ ಒತ್ತಿದ್ರೆ ಅದೇ ಕಥೆ ಹೇಳುತ್ತೆ. ಅದಕ್ಕೆ ಗಂಟಲು ಕೆಡಲ್ಲ.”

ಯಾರೋ ಬಾಡಿಗೆ ಗಂಟಲಿನವನು ನನ್ನ ಕಥೆ ಹೇಳುತ್ತಾನಂತೆ. ಮತ್ತೆ ನೀರು ಕುಡಿದೆ. ಈ ಮನೆಯಲ್ಲಿ ನನ್ನದು ಅಂತ ಇರುವುದು ಈ ದನಿ ಒಂದೇ. ಅದೂ ಹೋದರೆ ನಾನು ಇಲ್ಲಿ ಮೂರು ಹೊತ್ತು ಊಟ ಮಾಡುವವನು, ಅಷ್ಟೇ.

ಮಾರ್ಚ್ 5, ಮಂಗಳವಾರ

ನನ್ನ ಬದಲು ಹೆಂಡತಿ ಸುತ್ತು ಹಾಕಿಸಿದಳು. ಬೇರೆ ಯಾರೂ ಸಿಗಲಿಲ್ಲ. ನಾನು ಪುಸ್ತಕದ ಹಾಲಿನ ಮೂಲೆಯಲ್ಲಿ, ಗಾಜಿನೊಳಗಿನ ಹುಲ್ಲು ತುಂಬಿದ ಗೂಬೆಯ ಪಕ್ಕ, ಕುರ್ಚಿ ಹಾಕಿಕೊಂಡು ಕಾವಲು ಕೂತೆ. ನನಗೂ ಗೂಬೆಗೂ ವ್ಯತ್ಯಾಸವೆಂದರೆ ನನಗೆ ಗಾಜಿರಲಿಲ್ಲ.

ಅವಳ ಸುತ್ತು ನೋಡಿ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮುತ್ತಜ್ಜ ಹುಟ್ಟಿದ್ದು ಹೇಳಲಿಲ್ಲ, ಸತ್ತದ್ದೂ ಹೇಳಲಿಲ್ಲ. “ಒಳಗೆ ಬನ್ನಿ, ನೋಡಿ. ಏನು ಕೇಳ್ಬೇಕು ಅನ್ಸುತ್ತೋ ಕೇಳಿ” ಅಂದುಬಿಟ್ಟಳು. ಸಂತೆಗೆ ಬಂದವರ ಹಾಗೆ ಜನ ದಿಕ್ಕಾಪಾಲಾದರು.

ಹಿತ್ತಾಳೆ ತಿರುಪು, ಎರಡು ದಪ್ಪ ಫಲಕ ಇರುವ ಒಂದು ಸಾಧನವಿದೆ. ಯಾರೋ ಕೇಳಿದರು, ಇದೇನು ಅಂತ. ಎಲೆ ಹೂವು ಒತ್ತಿ ಒಣಗಿಸಲು ಮುತ್ತಜ್ಜ ಬಳಸುತ್ತಿದ್ದರು ಎಂದು ನಾನು ಯಾವಾಗಲೂ ಹೇಳುವುದು. ಇವಳು ಅದರ ಮುಂದೆ ನಿಂತು ತಿರುಪನ್ನು ಒಮ್ಮೆ ತಿರುಗಿಸಿ, “ನನಗೂ ಗೊತ್ತಿಲ್ಲ. ನಿಮಗೇನನ್ಸುತ್ತೆ?” ಅಂದಳು!

ಗೊತ್ತಿಲ್ಲ ಎಂಬ ಮಾತು ಈ ಹಾಲಿನಲ್ಲಿ ಮೊದಲ ಸಲ ಕೇಳಿಬಂತು. ಮಾನ ಹೋಯಿತು ಅಂದುಕೊಂಡೆ. ಜನ ಮಾತ್ರ ಅದರ ಸುತ್ತ ಮುತ್ತಿಕೊಂಡು ವಾದಕ್ಕಿಳಿದರು. ಕಾಗದ ಒತ್ತುವುದು ಅಂತ ಒಬ್ಬರು, ಟೋಪಿ ನೆಟ್ಟಗೆ ಮಾಡುವುದು ಅಂತ ಇನ್ನೊಬ್ಬರು. ಹೊರಡುವ ಹೊತ್ತಾದರೂ ಹೊರಡಲೊಲ್ಲರು.

ಇನ್ನೊಂದು. ಬಾಗಿಲ ಬಳಿ ಮನೆಯವರ ಗುರುತಿನ ಹಲಗೆಗಳಿಡುವ ಗೂಡಿನ ಹತ್ತಿರ ಬಂದಾಗ, “ಇಲ್ಲಿ ನಮ್ಮ ಯಜಮಾನರು ಒಂದು ತಮಾಷೆ ಹೇಳ್ತಾರೆ. ಗಂಡಸರು ಮಾತ್ರ ನಗ್ತಾರೆ” ಅಂದಳು. ಅವಳು ಒಂದು ದಿನವೂ ನನ್ನ ಸುತ್ತಿಗೆ ಬಂದವಳಲ್ಲ. ಇದನ್ನು ಅವಳ ಕಿವಿಗೆ ಯಾರು ಊದಿದರೋ.

ಮಾರ್ಚ್ 8, ಶುಕ್ರವಾರ

ಕೆಲಸವಿಲ್ಲದವನಿಗೆ ಕಣ್ಣು ಚುರುಕಾಗುತ್ತದೆ. ಇಷ್ಟು ವರ್ಷ ಇದೇ ಹಾಲಿನಲ್ಲಿ ನಿಂತು ಗಂಟಲು ಹರಿದುಕೊಂಡೆನಲ್ಲ, ಒಂದು ಸಂಗತಿ ಇವತ್ತು ಹೊಳೆಯಿತು: ಕಥೆ ಹೇಳುವವನು ಜನರ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಅಂದರೆ ಕಪಾಟುಗಳಿಗೆ ಬೆನ್ನು. ಹಿಂದಕ್ಕೆ ಕೈ ತೋರಿಸಿ “ಇಲ್ಲಿ ನೋಡಿ” ಎನ್ನುತ್ತಿದ್ದೆ, ನೋಡುತ್ತಿದ್ದವರು ಅವರು.

ಹೀಗೆ ಕೂತು ಕಪಾಟುಗಳನ್ನು ನೋಡುತ್ತಿದ್ದಾಗ ಒಂದು ಹಲಗೆ ಕಣ್ಣಿಗೆ ಬಿತ್ತು.

ಹಲಗೆ ಈ ಮನೆಯ ಪದ್ಧತಿ. ಮನೆಯಲ್ಲಿ ಮಕ್ಕಳು ಅಕ್ಷರ ಕೂಡಿಸಿ ಓದಲು ಶುರುಮಾಡಿದ ಕೂಡಲೇ ಪುಸ್ತಕದ ಅಳತೆಯ ಒಂದು ಮರದ ತುಂಡು ಕೊಡುತ್ತಿದ್ದರು. ಅದರ ಬೆನ್ನಿನ ಮೇಲೆ ಅವರವರ ಗುರುತು ಕೆತ್ತಿರುತ್ತದೆ. ಮುತ್ತಜ್ಜನದು ಮೀನು, ಭಾವನದು ಆಮೆ, ನನ್ನ ಹೆಂಡತಿಯದು ಏಣಿ. ಕಪಾಟಿನಿಂದ ಪುಸ್ತಕ ತೆಗೆದರೆ ಆ ಜಾಗದಲ್ಲಿ ನಿಮ್ಮ ಹಲಗೆ ನಿಲ್ಲಿಸಬೇಕು. ಪುಸ್ತಕ ವಾಪಸಿಟ್ಟ ಮೇಲೆ ಹಲಗೆಯನ್ನು ಬಾಗಿಲ ಬಳಿಯ ಗೂಡಿಗೆ ಸೇರಿಸಬೇಕು. ಭಾವನ ಆಮೆ ಅವರು ಶಾಲೆಯಲ್ಲಿದ್ದಾಗಿನಿಂದ ‘ಈಜು ಕಲಿಯುವ ಬಗೆ’ ಇದ್ದ ಜಾಗದಲ್ಲಿ ನಿಂತಿದೆ. ಭಾವನಿಗೆ ಈಗಲೂ ಈಜು ಬರುವುದಿಲ್ಲ. ಮನೆಅಳಿಯನಿಗೆ ಹಲಗೆ ಇಲ್ಲ. ನನಗಿಂತ ಮೊದಲು ಈ ಮನೆಗೆ ಮನೆಅಳಿಯ ಬಂದಿರಲಿಲ್ಲ, ಆದ್ದರಿಂದ ಯಾರೂ ಆ ಬಗ್ಗೆ ಯೋಚಿಸಿರಲಿಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಇವತ್ತು ಕಂಡದ್ದು ಏಣಿ. ಗೂಡಿನಲ್ಲಿರಬೇಕಾದದ್ದು ನಕ್ಷತ್ರಗಳ ಪುಸ್ತಕಗಳ ನಡುವೆ ನಿಂತಿತ್ತು. ಬಂದವರ ಕಿತಾಪತಿ, ಇನ್ನೇನು. ಎದ್ದುಹೋಗಿ ಕಿತ್ತು ತಂದು ಗೂಡಿನಲ್ಲಿಟ್ಟೆ. ನಾನು ಕಾವಲಿಗಿದ್ದೂ ಹೀಗಾದರೆ ಹೇಗೆ?

ಮಾರ್ಚ್ 14, ಗುರುವಾರ

ಏಣಿ ಮತ್ತೆ ಹೋಗಿದೆ. ಈ ಸಲ ಕಡಲಯಾನದ ಕಪಾಟಿಗೆ.

ಗುಡಿಸುವಾಕೆಯನ್ನು ಕರೆದು ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದೆ: ‘ಹಲಗೆ ಯಾಕೆ ಮುಟ್ಟಿದೆ?’

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ನಾನು ಧೂಳು ಮುಟ್ತೀನಿ, ಹಲಗೆ ಮುಟ್ಟಲ್ಲ. ಬಾಯಿ ಇದ್ದಾಗ ಎಷ್ಟು ಒಳ್ಳೆಯವರಾಗಿದ್ರಿ ಸ್ವಾಮಿ. ಬಾಯಿ ಹೋದ್ಮೇಲೆ ಬರೀ ಬೈತೀರಿ.”

ಒರೆಸಿ, ‘ತಪ್ಪಾಯಿತು’ ಅಂತ ಬರೆದೆ. ಏಣಿಯನ್ನು ಮತ್ತೆ ಗೂಡಿಗೆ ಸೇರಿಸಿದೆ. ಇವಳಲ್ಲದಿದ್ದರೆ ಇನ್ಯಾರು? ಹಿಡಿದೇ ಹಿಡಿಯುತ್ತೇನೆ.

ಮಾರ್ಚ್ 16, ಶನಿವಾರ

ಡಾಕ್ಟರು ನೋಡಿದರು. ಊತ ಇಳಿದಿಲ್ಲ. ಇನ್ನೂ ಮಾತಾಡುವ ಹಾಗಿಲ್ಲ. ಭಾವ ಯಂತ್ರದವರಿಗೆ ಹೇಳಿ ಕಳಿಸಿದ್ದಾರೆ, ಸುಮ್ಮನೆ ಅಳತೆ ತೆಗೆದುಕೊಂಡು ಹೋಗಲಿ ಅಂತ.

ಬರೆಯಲು ಮನಸ್ಸಿಲ್ಲ.

ಮಾರ್ಚ್ 19, ಮಂಗಳವಾರ

ಕಳ್ಳ ಸಿಕ್ಕಿದ! ಕಳ್ಳಿ ಅನ್ನಬೇಕು.

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಹೆಂಡತಿ ಬಂದಳು. ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ನೇರವಾಗಿ ಕಡಲಯಾನದ ಕಪಾಟಿಗೆ ಹೋದಳು, ಕಣ್ಣಾಡಿಸಿದಳು, ಬೆರಳಿಟ್ಟು ಪುಸ್ತಕಗಳ ಬೆನ್ನು ಎಣಿಸಿದಳು, ಮತ್ತೆ ಮೊದಲಿಂದ ನೋಡಿದಳು.

“ಇಲ್ಲೇ ಇಟ್ಟಿದ್ನಲ್ಲ ಏಣೀನ” ಅಂತ ಗೊಣಗಿದಳು.

ನಾನು ಅಲ್ಲಿರುವುದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ಮಾತಿಲ್ಲದವನು ಮನೆಯಲ್ಲಿದ್ದರೂ ಇಲ್ಲದ ಹಾಗೆಯೇ. ಪುಸ್ತಕವನ್ನು ಅಂದಾಜಿನ ಮೇಲೆ ಒಂದು ಕಡೆ ತುರುಕಿ, ಗೂಡಿಗೆ ಹೋಗಿ ನೋಡಿದಳು. ಅಲ್ಲಿ ಏಣಿ ಇತ್ತು, ನಾನೇ ಇಟ್ಟದ್ದು. ಅದನ್ನು ಕೈಗೆತ್ತಿಕೊಂಡು, “ಏನಪ್ಪಾ ಇದು, ತಾನೇ ನಡ್ಕೊಂಡು ಬರುತ್ತೆ” ಅಂದಳು. ಆಮೇಲೆ ಜೇನು ಸಾಕಣೆಯ ಕಡೆ ಹೋಗಿ ಇನ್ನೊಂದು ಪುಸ್ತಕ ತೆಗೆದು, ಆ ಜಾಗದಲ್ಲಿ ಏಣಿ ನಿಲ್ಲಿಸಿ, ಹೊರಟುಹೋದಳು.

ನಾನು ಗೂಬೆಯನ್ನು ನೋಡಿದೆ, ಗೂಬೆ ನನ್ನನ್ನು ನೋಡಿತು.

ಹಲಗೆಗಳೆಂದರೆ ನನಗೆ ಪ್ರದರ್ಶನದ ವಸ್ತು. ಹಿಂದಿನವರು ಹೀಗೆ ಮಾಡುತ್ತಿದ್ದರಂತೆ ಎಂದು ಹೇಳಿಯೇ ನನಗೆ ಅಭ್ಯಾಸ. ನನ್ನ ಹೆಂಡತಿ ಇವತ್ತಿಗೂ ಹಾಗೆಯೇ ಮಾಡುತ್ತಿದ್ದಾಳೆ, ನಾನು ಅವಳ ಹಲಗೆ ಕಿತ್ತು ಕಿತ್ತು ಅವಳ ಪುಸ್ತಕದ ಜಾಗವನ್ನೇ ಕೆಡಿಸಿದ್ದೇನೆ.

ಅದಿರಲಿ. ಅವಳು ಓದುವುದು ಯಾವಾಗ? ಎಲ್ಲಿ? ನಮ್ಮ ಕೋಣೆಗಳಲ್ಲಿ ಅವಳ ಕೈಯಲ್ಲಿ ಪುಸ್ತಕ ನೋಡಿದ ನೆನಪು ನನಗಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ಸಲವೂ ಇಲ್ಲ.

ಮಾರ್ಚ್ 21, ಗುರುವಾರ

ಏಣಿ ಜೇನಿನಿಂದ ಹೊರಟು ಗಡಿಯಾರ ರಿಪೇರಿಗೆ ಬಂದಿದೆ. ಇಷ್ಟು ಬೇಗ! ದಪ್ಪ ಪುಸ್ತಕವನ್ನು ಎರಡು ದಿನಕ್ಕೆ ಮುಗಿಸುತ್ತಾಳೆ ಅಂದರೆ ಅವಳ ಓದಿನ ವೇಗ ನೋಡಿ. ನನಗೆ ಹೆಮ್ಮೆಯೇ ಆಯಿತು.

ಮಧ್ಯಾಹ್ನ ತಡೆಯಲಾರದೆ ಸ್ಲೇಟಿನಲ್ಲಿ ಬರೆದು ತೋರಿಸಿದೆ: ‘ನೀನು ಎಲ್ಲಿ ಕೂತು ಓದುತ್ತೀ?’

ಅವಳು ಓದಿದಳು, ನನ್ನ ಮುಖ ನೋಡಿದಳು, ಸೆರಗಿನಿಂದ ಸ್ಲೇಟು ಒರೆಸಿದಳು. “ಬರೆದು ಕೇಳಿದ್ರೆ ಹೇಳಲ್ಲ. ಬಾಯಿ ಬಂದ್ಮೇಲೆ ಬಾಯಲ್ಲಿ ಕೇಳಿ. ಇಲ್ಲೀವರೆಗೆ ನಿಮ್ಮ ಬಾಯಿಂದ ನನಗೆ ಬಂದಿರೋ ಪ್ರಶ್ನೆ ಒಂದೇ, ನನ್ನ ಟವೆಲ್ ಎಲ್ಲಿ ಅನ್ನೋದು.”

ಹಾಗೇನಿಲ್ಲ. ಚಪ್ಪಲಿ ಎಲ್ಲಿ ಅಂತಲೂ ಕೇಳಿದ್ದೇನೆ.

ಮಾರ್ಚ್ 24, ಭಾನುವಾರ

ರಜೆಯ ದಿನವಾದ್ದರಿಂದ ಜನವೋ ಜನ. ಅವಳ ಸುತ್ತನ್ನು ನಾನು ಈಗ ಪೂರ್ತಿ ಕೇಳುತ್ತೇನೆ. ಬೇರೆ ದಾರಿಯಿಲ್ಲ ಎಂದು ಮೊದಲು ಕೇಳಿದೆ, ಈಗ ಬೆಳಿಗ್ಗೆಯೇ ಕುರ್ಚಿ ಜರುಗಿಸಿ ಅವಳ ಮಾತು ಸರಿಯಾಗಿ ಬೀಳುವ ಕಡೆ ಹಾಕಿಕೊಳ್ಳುತ್ತೇನೆ.

ಮುತ್ತಜ್ಜನ ಮರದ ಮಾದರಿಗಳಿವೆಯಲ್ಲ, ಕೈಯಗಲದ ತುಂಡುಗಳು, ಗಾಜಿನ ಪೆಟ್ಟಿಗೆಯಲ್ಲಿ. ನಾನು ಹೆಸರು ಹೇಳಿ ಮುಂದೆ ಹೋಗುತ್ತಿದ್ದೆ. ಇವಳು ಪೆಟ್ಟಿಗೆಯ ಬೀಗ ತೆಗೆದು ತುಂಡುಗಳನ್ನು ಜನರ ಕೈಗೆ ಕೊಡುತ್ತಾಳೆ. ಮೂಸಿ ನೋಡಿ ಅನ್ನುತ್ತಾಳೆ. ಒಬ್ಬ ಮುದುಕಿ ಒಂದು ತುಂಡು ಮೂಸಿ ಅತ್ತುಬಿಟ್ಟಳು. ಅವಳ ಅಪ್ಪನ ಅಂಗಡಿಯ ವಾಸನೆಯಂತೆ. ಯಾವ ಅಂಗಡಿ, ಏನು ಮಾರುತ್ತಿದ್ದರು, ಅಪ್ಪ ಎಂಥವನು ಎಂದು ಹೆಂಡತಿ ಕೇಳುತ್ತಾ ಹೋದಳು. ಉಳಿದವರು ಅಲ್ಲಿಯೇ ನೆಲದ ಮೇಲೆ ಕೂತರು. ಮುತ್ತಜ್ಜನ ಕಥೆ ಎಲ್ಲಿಗೋ ಹೋಯಿತು. ನಾನೂ ಕುರ್ಚಿಯಿಂದ ಎದ್ದುಹೋಗಿ ಆ ತುಂಡನ್ನು ಮೂಸಿದೆ. ನಮ್ಮ ಹಳೆಯ ಶಾಲೆಯ ಬೆಂಚಿನ ಹಾಗೆ ಇತ್ತು.

ಮುದುಕಿಯ ಅಪ್ಪ ಪೆಟ್ಟಿಗೆ ಮಾಡುತ್ತಿದ್ದನಂತೆ. ಮುಚ್ಚಳಕ್ಕೆ ಬೇರೆ ಮರ, ತಳಕ್ಕೆ ಬೇರೆ ಮರ. ಯಾಕೆ ಬೇರೆ ಅಂತ ಕೇಳಬೇಕು ಅಂತ ನನಗಿತ್ತು. ಹೆಂಡತಿ ಕೇಳುವಷ್ಟರಲ್ಲಿ ಮುದುಕಿಯ ಮಗ ಬಂದು ಅವಳನ್ನು ಕರೆದುಕೊಂಡು ಹೋದ. ಈಗಲೂ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಮಾರ್ಚ್ 27, ಬುಧವಾರ

ಇವತ್ತು ನಾನು ಈ ಪುಸ್ತಕಾಲಯದಿಂದ ಮೊಟ್ಟಮೊದಲ ಪುಸ್ತಕ ತೆಗೆದೆ. ಅವಳು ಓದಿ ಮುಗಿಸಿದ ಜೇನಿನ ಪುಸ್ತಕವನ್ನೇ. ಅದರಲ್ಲಿ ಏನಿದೆ ಎಂದು ಅವಳು ಅಷ್ಟು ಬೇಗ ಓದಿದಳು, ನೋಡಿಯೇಬಿಡೋಣ ಅಂತ.

ಪುಸ್ತಕ ತೆಗೆದ ಮೇಲೆ ಪೇಚಿಗೆ ಸಿಕ್ಕಿಬಿದ್ದೆ. ಜಾಗದಲ್ಲಿ ಏನಿಡಲಿ? ನನಗೆ ಹಲಗೆ ಎಲ್ಲಿದೆ? ಕೈಯಲ್ಲಿದ್ದದ್ದು ಸ್ಲೇಟು. ಅದನ್ನೇ ನಿಲ್ಲಿಸಿದೆ, ಅಳತೆ ಮಾಡಿಸಿದ ಹಾಗೆ ಕೂತಿತು.

ಕುರ್ಚಿಯಲ್ಲಿ ಕೂತು ಓದಿದೆ. ಎಲ್ಲೋ ಹೂವಿನ ತೋಟ ಕಂಡ ಜೇನುಹುಳು ಗೂಡಿಗೆ ವಾಪಸು ಬಂದು ಕುಣಿದು ಕುಣಿದು ಉಳಿದವಕ್ಕೆ ದಾರಿ ಹೇಳುತ್ತದಂತೆ. ಬಾಯಿಲ್ಲದೆ ಸುತ್ತು ಹಾಕಿಸುವವ! ನನಗೆ ನಗು ಬಂತು, ಶಬ್ದ ಮಾಡಬಾರದಲ್ಲ, ಹೊಟ್ಟೆ ಹಿಡಿದುಕೊಂಡು ಅಲುಗಾಡಿದೆ. ಬಂದಿದ್ದ ಒಬ್ಬರು ಗಾಬರಿಯಾಗಿ ನೀರು ಬೇಕಾ ಅಂತ ಕೇಳಿದರು.

ಮಧ್ಯಾಹ್ನದ ಸುತ್ತಿನಲ್ಲಿ ಹೆಂಡತಿ ಆ ಕಪಾಟಿನ ಮುಂದೆ ಬಂದು ಮಾತು ನಿಲ್ಲಿಸಿದಳು. ಸ್ಲೇಟನ್ನು ಹೊರಗೆಳೆದಳು. ಅದರ ಮೇಲೆ ಬೆಳಿಗ್ಗೆ ನಾನು ಬರೆದದ್ದು ಹಾಗೆಯೇ ಇತ್ತು: ‘ನನ್ನ ಟವೆಲ್ ಎಲ್ಲಿ?’

ಎಲ್ಲರಿಗೂ ಎತ್ತಿ ತೋರಿಸಿದಳು. “ಇದು ಈ ಮನೆಯ ಮನೆಅಳಿಯನ ಹಲಗೆ. ಗುರುತು ಟವೆಲ್ಲು.” ಜನ ಹೋ ಎಂದು ನಕ್ಕರು, ಹೆಂಗಸರು ಹೆಚ್ಚು ನಕ್ಕರು. ಆಮೇಲೆ ಅದನ್ನು ಒರೆಸದೆ, ಮೆಲ್ಲಗೆ, ಇದ್ದ ಜಾಗಕ್ಕೇ ವಾಪಸಿಟ್ಟಳು.

ಸ್ಲೇಟು ಕಪಾಟಿನಲ್ಲೇ ಉಳಿದದ್ದರಿಂದ ರಾತ್ರಿಯ ಊಟದ ತನಕ ಯಾರಿಗೂ ಏನೂ ಹೇಳಲಾಗಲಿಲ್ಲ. ಅಂಥ ಅರ್ಜೆಂಟಿನದು ಏನೂ ಇರಲಿಲ್ಲ.

ಏಪ್ರಿಲ್ 2, ಮಂಗಳವಾರ

ಯಂತ್ರದವರು ಬಂದಿದ್ದರು. ಎಲ್ಲಿ ಗುಂಡಿ, ಎಲ್ಲಿ ತಂತಿ ಅಂತ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದರು. ಭಾವ ಅವರ ಹಿಂದೆ ಓಡಾಡುತ್ತಿದ್ದರು. ಆ ಹಿತ್ತಾಳೆ ತಿರುಪಿನ ಮುಂದೆ ನೋಡಲು ಬಂದ ಮೂವರು ವಾದ ಮಾಡುತ್ತಿದ್ದದ್ದು ಕಂಡು ಭಾವನೂ ನಿಂತರು. ಸ್ವಲ್ಪ ಹೊತ್ತಿನಲ್ಲಿ ಅವರೇ ಅದನ್ನು ಬಗ್ಗಿ ನೋಡುತ್ತಾ, “ಅಲ್ರೀ, ಟೋಪಿ ಇದರಲ್ಲಿ ಹೇಗ್ರೀ ಹಿಡಿಯುತ್ತೆ?” ಅಂತ ಗಟ್ಟಿಯಾಗಿ ಜಗಳ ಆಡುತ್ತಿದ್ದರು. ಯಂತ್ರದವರು ಕಾದು ಸುಸ್ತಾದರು.

ಹೊರಡುವಾಗ ಭಾವ ನನಗೆ ಹೇಳಿದರು: “ಶುಕ್ರವಾರ ಡಾಕ್ಟರು ಏನಂತಾರೆ ನೋಡೋಣ. ಗಂಟಲು ಸರಿಹೋದ್ರೆ ನೀವು, ಇಲ್ದಿದ್ರೆ ಯಂತ್ರ. ಪಾಪ, ತಂಗೀನ ಎಷ್ಟು ದಿನ ಅಂತ ನಿಲ್ಲಿಸೋಕಾಗುತ್ತೆ?”

ನಾನು ಸ್ಲೇಟಿನಲ್ಲಿ ಬರೆದೆ: ‘ಅವಳನ್ನು ಕೇಳಿದಿರಾ?’

“ಅವಳನ್ನ ಏನು ಕೇಳೋದು?” ಅಂದರು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಭಾವ ಕೆಟ್ಟವರಲ್ಲ, ಆದರೆ ಸ್ವಲ್ಪ ಮಂದ. ಇಷ್ಟು ಸರಳವಾದದ್ದು ಮನುಷ್ಯನಿಗೆ ಹೊಳೆಯಬಾರದೇ?

ಏಣಿ ಇವತ್ತು ಭೂಕಂಪದ ಕಪಾಟಿನಲ್ಲಿದೆ. ನಿನ್ನೆ ಗಂಟು ಹಾಕುವ ವಿದ್ಯೆಯಲ್ಲಿತ್ತು. ಹೀಗೆ ಓದುವವಳು ನನ್ನ ಜೊತೆ ಏನು ಮಾತಾಡಿಕೊಂಡು ಇಷ್ಟು ವರ್ಷ ಇದ್ದಳೋ.

ಏಪ್ರಿಲ್ 5, ಶುಕ್ರವಾರ

ದನಿ ಬಂತು. ಡಾಕ್ಟರು ಕನ್ನಡಿ ಹಾಕಿ ನೋಡಿ, “ಏನಾದ್ರೂ ಹೇಳಿ” ಅಂದರು. ಈ ಗಳಿಗೆಗೆಂದೇ ನನ್ನ ಸುತ್ತಿನ ಆರಂಭದ ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು, “ಡಾಕ್ಟ್ರೇ, ಪೆಟ್ಟಿಗೆಯ ತಳಕ್ಕೂ ಮುಚ್ಚಳಕ್ಕೂ ಬೇರೆ ಬೇರೆ ಮರ ಯಾಕೆ ಹಾಕ್ತಾರೆ?” ಎಂಬುದು. ದನಿ ಹಳೆಯದೇ, ಅಂಚು ಸ್ವಲ್ಪ ಸವೆದಿದೆ. ಅವರಿಗೂ ಗೊತ್ತಿಲ್ಲವಂತೆ.

ಆದರೆ ದಿನಕ್ಕೆ ಅರ್ಧ ಗಂಟೆ ಮಾತ್ರ ಮಾತಾಡಬೇಕು. ಈ ವರ್ಷ ಮಾತ್ರವಲ್ಲ, ಮುಂದೆಯೂ. ಮೀರಿದರೆ ಗಂಟು ಮತ್ತೆ ಬರುತ್ತದೆ, ಆಗ ಯಾರೂ ಏನೂ ಮಾಡಲಾಗುವುದಿಲ್ಲ. ನನ್ನ ಒಂದು ಸುತ್ತು ಒಂದು ಗಂಟೆಗೆ ಕಡಿಮೆಯಿಲ್ಲ. ಲೆಕ್ಕ ಯಾರು ಬೇಕಾದರೂ ಹಾಕಬಹುದು.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತೆ. ಅಳು ಬಂತು. ಹೆಂಡತಿ ನೋಡಿದರೂ ನೋಡದ ಹಾಗೆ ಇದ್ದಳು, ನನ್ನ ಮೊಣಕೈ ಮಾತ್ರ ಹಿಡಿದುಕೊಂಡಿದ್ದಳು.

ಸಂಜೆ ಭಾವ ಬಂದು, “ಹಾಗಾದ್ರೆ ಯಂತ್ರಕ್ಕೆ ಹೇಳಿಬಿಡ್ತೀನಿ” ಅಂದರು. ಇವತ್ತಿನ ಮಾತು ಇನ್ನೂ ಸ್ವಲ್ಪ ಉಳಿದಿತ್ತು.

“ಯಂತ್ರ ಬೇಡ ಭಾವ. ಇವಳು ಇದ್ದಾಳೆ. ನನಗಿಂತ ಚೆನ್ನಾಗಿ ಮಾಡ್ತಾಳೆ” ಅಂದೆ. ಹೇಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. “ಆದ್ರೆ ಇದನ್ನ ನನ್ನ ಹತ್ರ ಅಲ್ಲ, ಅವಳ ಹತ್ರ ಕೇಳಿ. ಬಾಯಿಬಿಟ್ಟು ಕೇಳಿ.”

ಭಾವ ತಂಗಿಯ ಕಡೆ ತಿರುಗಿ, ಶಾಲೆಯ ಹುಡುಗನ ಹಾಗೆ, “ಏನಮ್ಮಾ, ನಿನಗೆ ಇಷ್ಟ ಇದೆಯಾ?” ಅಂದರು.

ಅವಳು ಮೊದಲು ತಟ್ಟೆ ಎತ್ತಿಟ್ಟು ಬಂದಳು. “ಇಷ್ಟ ಇದೆ ಅಣ್ಣ. ಆದ್ರೆ ಸೋಮವಾರದ ಜೊತೆ ಗುರುವಾರಾನೂ ರಜೆ ಬೇಕು. ಗೋಡೆ ಮೇಲಿನ ಆ ಗೆರೆ ಅಳಿಸಿ ಕೊಡಬೇಕು. ಮತ್ತೆ ನಿನ್ನ ಆಮೆ ಎತ್ಕೊಂಡು ಹೋಗು, ಇಲ್ಲಾ ಆ ಪುಸ್ತಕ ತಂದಿಡು.”

ಭಾವ ಆಮೆಯ ವಿಷಯಕ್ಕೆ ಮಾತ್ರ ಸ್ವಲ್ಪ ಸಮಯ ಕೇಳಿದರು.

ಏಪ್ರಿಲ್ 7, ಭಾನುವಾರ

ಇವತ್ತಿನ ಮಾತನ್ನು ಬೆಳಿಗ್ಗೆಯಿಂದ ಖರ್ಚು ಮಾಡದೆ ಉಳಿಸಿಕೊಂಡಿದ್ದೆ. ಬಂದವರ ಜೊತೆ ನಾನೂ ಸಾಲಿನಲ್ಲಿ ಸೇರಿಕೊಂಡೆ. ಕುರ್ಚಿಯಿಂದ ಎಲ್ಲವೂ ಕಾಣುವುದಿಲ್ಲ. ಒಂದೂವರೆ ಡಜನ್ ಜನ ಇದ್ದರು, ನನ್ನ ಮುಂದೆ ಒಬ್ಬ ಎತ್ತರದವನು ಅಡ್ಡ. ಪರದೇಶಿಯ ಹಾಗೆ ಇಣುಕಿ ಇಣುಕಿ ನೋಡಿದೆ.

ಹಲಗೆಗಳ ಗೂಡಿನ ಹತ್ತಿರ ಅವಳು ಪದ್ಧತಿ ವಿವರಿಸಿ, “ಏನಾದ್ರೂ ಕೇಳೋದಿದ್ಯಾ?” ಅಂದಳು. ನಾನು ಕೈ ಎತ್ತಿದೆ.

“ಹೇಳಿ” ಅಂದಳು, ಪರಿಚಯವೇ ಇಲ್ಲದವಳ ಹಾಗೆ.

“ಆ ಏಣಿ ಗುರುತಿನವರು ಎಲ್ಲಿ ಕೂತು ಓದ್ತಾರೆ?”

ನನ್ನ ದನಿ ಹಾಲಿನಲ್ಲಿ ಸಣ್ಣಗೆ ಕೇಳಿತು. ಅವಳ ಮುಖ ಕೆಂಪಾಯಿತು. ಆಮೇಲೆ ಸೊಂಟದ ಬೀಗದ ಕೈಗೊಂಚಲು ಬಿಚ್ಚಿ, “ಬನ್ನಿ, ತೋರಿಸ್ತೀನಿ” ಅಂತ ಹೊರಟಳು. ಮಹಡಿ ಮೆಟ್ಟಿಲು, ಅಲ್ಲಿಂದ ನಮ್ಮ ಅಡುಗೆಮನೆಯ ಹಿಂದಿನ ಕಿರುಬಾಗಿಲು, ಅಲ್ಲಿಂದ ಅಟ್ಟ. ಅಟ್ಟದಲ್ಲಿ ಮುರಿದ ಕುರ್ಚಿಗಳಿವೆ ಅಂತ ಮದುವೆಯಾದ ಹೊಸದರಲ್ಲಿ ಯಾರೋ ಹೇಳಿದ್ದರು, ನಂಬಿಕೊಂಡಿದ್ದೆ. ಒಂದು ದಿನವೂ ಹತ್ತಿ ನೋಡಿರಲಿಲ್ಲ. ಎಲ್ಲರಿಗಿಂತ ಹಿಂದೆ ನಾನು ಹತ್ತಿದೆ.

ಗೋಡೆಗೆ ಒರಗಿದ ಒಂದು ಹಾಸಿಗೆ, ಒಂದು ದಿಂಬು, ಸಣ್ಣ ಕಿಟಕಿ, ನೀರಿನ ಚೊಂಬು. ಅಷ್ಟೇ. ದಿಂಬಿನ ಪಕ್ಕದ ಗೋಡೆಯಲ್ಲಿ ಚೌಕದ ಒಂದು ಕಿಂಡಿ.

“ಪುಸ್ತಕಗಳಿಗೆ ಗಾಳಿ ಆಡ್ಲಿ ಅಂತ ಮುತ್ತಜ್ಜ ಕಪಾಟಿನ ಹಿಂದಿನಿಂದ ಇಲ್ಲೀವರೆಗೆ ಬಿಡಿಸಿದ್ದು ಇದು” ಅಂತ ಅವಳು ಜನರಿಗೆ ಹೇಳಿದಳು. “ಕೆಳಗೆ ಹಾಲಲ್ಲಿ ಆಡೋ ಮಾತು ಇಲ್ಲಿ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳಿಸುತ್ತೆ. ನಮ್ಮ ಯಜಮಾನರು ಕೆಳಗೆ ಕಥೆ ಹೇಳೋವಾಗ ನಾನು ಇಲ್ಲಿ ಕೂತು ಓದ್ತಿದ್ದೆ. ಮದುವೆಯಾದಾಗಿಂದ ದಿನಾ. ಮೊದಲ ಒಂದೆರಡು ವರ್ಷ ಅವರು ಹೇಳೋದು ಬಹಳ ಚೆನ್ನಾಗಿತ್ತು. ಆಮೇಲೆ ಒಂದೇ ಪಾಠ.”

ಜನ ನಕ್ಕರು. ನಾನೂ ನಕ್ಕೆ.

ಆ ಎತ್ತರದವನು ಕೇಳಿದ: “ಈಗ ನೀವೇ ಕೆಳಗೆ ಇರ್ತೀರಲ್ಲ. ಓದೋದು ಯಾವಾಗ?”

“ಬೆಳಿಗ್ಗೆ ಬೇಗ ಎದ್ದು ಬಂದು ಕೂರ್ತೀನಿ” ಅಂದಳು. “ಆದ್ರೆ ಆಗ್ತಿಲ್ಲ. ಕೆಳಗೆ ಅವರ ದನಿ ಇಲ್ದೆ ಒಂದು ಪುಟಾನೂ ಮುಂದಕ್ಕೆ ಹೋಗಲ್ಲ. ಪುಸ್ತಕಾನೇ ಚೆನ್ನಾಗಿಲ್ಲ ಅಂದ್ಕೊಂಡು ನಕ್ಷತ್ರ, ಜೇನು, ಗಡಿಯಾರ, ಏನೇನೋ ತಂದೆ. ಒಂದನ್ನೂ ಮುಗಿಸ್ಲಿಲ್ಲ.”

ಅವಳು ಇದನ್ನು ಅವನಿಗೆ ಹೇಳಿದಳು. ನನ್ನ ಕಡೆ ನೋಡಲಿಲ್ಲ. ನಾನು ಅವಳ ಚೊಂಬಿನಿಂದ ನೀರು ಕುಡಿದೆ.

“ಇವರಿಗೆಲ್ಲ ನಂಬಿಕೆ ಬರ್ಲಿ” ಅಂತ ಅವಳೇ ಆಮೇಲೆ ನನ್ನ ಕಡೆ ತಿರುಗಿದಳು. “ಕೆಳಗೆ ಹೋಗಿ ಏನಾದ್ರೂ ಹೇಳಿ ನೋಡೋಣ.”

ಇಳಿದು ಹೋದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ನಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ, ಆದರೆ ಕಪಾಟಿನ ಕಡೆ ಮುಖಮಾಡಿ. ಇಷ್ಟು ವರ್ಷ ಹೇಳಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಪುಸ್ತಕಗಳ ಮೇಲಿನ ಕತ್ತಲೆಯ ಸಂದಿಯನ್ನು ನೋಡಿದೆ.

“ಕೇಳಿಸ್ತಿದ್ಯೇನೇ?” ಅಂದೆ.

ಮೇಲಿನಿಂದ, ಪಕ್ಕದಲ್ಲೇ ಕೂತು ಹೇಳಿದ ಹಾಗೆ, ಅವಳ ದನಿ ಬಂತು.

“ಕೇಳಿಸ್ತಿದೆ. ಹೇಳಿ.”